ಬೆಳಗಿನ ಹಾಲಿಗೆ ರಾತ್ರಿ ಒಂದು ಗಂಟೆ

ವೇದಿಕೆಯ ಮೇಲಿರುವ ನಮ್ಮ ಮಹಿಳಾ ಹಾಲು ಉತ್ಪಾದಕರ ಸಂಘದ ಅಧ್ಯಕ್ಷರಾದ ಚಿಕ್ಕತಾಯಮ್ಮನವರೇ, ಕೆ.ಆರ್. ಪೇಟೆಯಿಂದ ಬಂದಿರುವ ವಿಸ್ತರಣಾಧಿಕಾರಿಗಳಾದ ಸಂಘಮಿತ್ರಾ ಮೇಡಮ್ಮನವರೇ, ನಿರ್ದೇಶಕರೇ, ದಿನಕ್ಕೆರಡು ಹೊತ್ತು ಹಾಲು ಹಾಕಿ ಜೊತೆಗೆ ನನ್ನ ಬೈಗುಳವನ್ನೂ ಕೇಳಿಸಿಕೊಂಡು ಹೋಗುತ್ತಿದ್ದ ತಾಯಂದಿರೇ, ಸಭಿಕರೇ.

ಇಪ್ಪತ್ತಾರು ವರ್ಷ ಕಾರ್ಯದರ್ಶಿಯಾಗಿದ್ದವಳನ್ನು ಇವತ್ತು ಹಾರ ಹಾಕಿ ಕಳಿಸಿಕೊಡುತ್ತಿದ್ದೀರಿ. ವರದಿ ಓದಿ ಅಭ್ಯಾಸವಿದೆ, ಹೊಗಳಿಸಿಕೊಂಡು ಅಭ್ಯಾಸವಿಲ್ಲ. ಮೇಡಮ್ಮನವರು ಈಗ ತಾನೇ, "ಈ ವಯಸ್ಸಿನಲ್ಲೂ ಕಂಪ್ಯೂಟರ್ ಕೆಟ್ಟರೆ ತಾವೇ ರಿಪೇರಿ ಮಾಡಿಕೊಳ್ಳುವ ಅಣ್ಣಮ್ಮ" ಎಂದರು. ನೀವು ಜೋರಾಗಿ ಚಪ್ಪಾಳೆಯನ್ನೂ ತಟ್ಟಿದಿರಿ. ಆ ಚಪ್ಪಾಳೆ ನನ್ನದಲ್ಲ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದರೆ ಕಳ್ಳಿ ಅನ್ನಿಸಿಕೊಳ್ಳುತ್ತೇನೆ. ಆದ್ದರಿಂದ ನಡೆದದ್ದನ್ನು ಹೇಳಿಬಿಡುತ್ತೇನೆ.

ನಮ್ಮ ಸಂಘದ ಕಂಪ್ಯೂಟರಿನಲ್ಲಿ ಎರಡು ಕಡೆಗಳಿವೆ. ಸ್ವಿಚ್ ಹಾಕಿದ ಕೂಡಲೇ ಅದು ಯಾವ ಕಡೆ ಹೋಗಲಿ ಎಂದು ಕೇಳುತ್ತದೆ. ಹತ್ತು ಸೆಕೆಂಡು ಕಾಯುತ್ತದೆ. ಸುಮ್ಮನಿದ್ದರೆ ಸಂಘದ ಕಡೆ ಹೋಗುತ್ತದೆ. ಲೀಟರು, ಫ್ಯಾಟು, ಚೀಟಿ ಎಲ್ಲಾ ಅಲ್ಲೇ. ಬಾಣದ ಗುರುತು ಒತ್ತಿದರೆ ಇನ್ನೊಂದು ಕಡೆ ತೆರೆಯುತ್ತದೆ. ಅದನ್ನು ಹಾಕಿದವಳು ರಂಜಿತ. ಯಾವ ರಂಜಿತ ಎಂದು ನಿಮಗೆ ಗೊತ್ತು. ಮೇಡಮ್ಮನವರಿಗೆ ಗೊತ್ತಿಲ್ಲ, ಅವರಿಗಾಗಿ ಹೇಳುತ್ತೇನೆ. ನನ್ನ ಒಬ್ಬಳೇ ಮಗಳು.

ಆಗ ಅವಳು ಪಾಂಡವಪುರಕ್ಕೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಸಂಜೆ ಬಂದು ನನ್ನ ಪಕ್ಕ ಕೂತು, "ಅವ್ವ, ಈ ಕಡೆ ನಿಂದು, ಆ ಕಡೆ ನಂದು, ನಂದ್ಕೆ ಕೈ ಆಕ್ಬ್ಯಾಡ" ಎಂದು ಅಪ್ಪಣೆ ಕೊಡಿಸಿದಳು. ಆ ಕ್ಲಾಸಿನಲ್ಲೇ ಸಂತೋಷನ ಪರಿಚಯವಾಯಿತು. ಬೇರೆ ಜಾತಿಯ ಹುಡುಗ. ನಾನು ಒಪ್ಪಲಿಲ್ಲ. ಅವರು ರಿಜಿಸ್ಟರ್ ಮದುವೆ ಮಾಡಿಕೊಂಡು ಪಾಂಡವಪುರದಲ್ಲೇ ಉಳಿದರು. ಹುಡುಗ ಕೆಟ್ಟವನೇ? ಅಲ್ಲ. ಕುಡಿಯುತ್ತಾನೆಯೇ? ಇಲ್ಲ. ಮತ್ತೆ ನನ್ನದೇನು ಅಡ್ಡಿ? ಈ ಪ್ರಶ್ನೆಯನ್ನು ಮೂರು ವರ್ಷದಿಂದ ಕೇಳಿಕೊಳ್ಳುತ್ತಲೇ ಇದ್ದೇನೆ, ಸಭಿಕರೇ.

ಇರಲಿ. ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ಅದರ ಗಡಿಯಾರಕ್ಕೆ ಒಂದು ರೋಗ ಹತ್ತಿತು. ಐದೂವರೆ ಗಂಟೆ ಹಿಂದಕ್ಕೆ ಹೋಗುತ್ತಿತ್ತು. ಐದಲ್ಲ, ಆರಲ್ಲ, ಸರಿಯಾಗಿ ಐದೂವರೆ. ನಾನು ಕೈಯಲ್ಲೇ ತಿದ್ದುತ್ತಿದ್ದೆ. ಮಾರನೆಯ ದಿನ ಮತ್ತೆ ಅದೇ ಹಾಡು. ಒಂದು ದಿನ ತಿದ್ದುವುದು ಮರೆತೆ. ಬೆಳಿಗ್ಗೆ ಆರೂವರೆಗೆ ನೀವು ಹಾಕಿದ ಹಾಲೆಲ್ಲ ಚೀಟಿಯಲ್ಲಿ ರಾತ್ರಿ ಒಂದು ಗಂಟೆ ಎಂದು ಅಚ್ಚಾಯಿತು. ಮೇಡಮ್ಮನವರು ಚೀಟಿ ಹಿಡಿದು, "ಏನ್ರೀ ಅಣ್ಣಮ್ಮ, ನಿಮ್ಮೂರ ಹಸುಗಳಿಗೆ ನಿದ್ದೆ ಮಾಡೋಕೂ ಬಿಡಲ್ವಾ?" ಎಂದರು. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಆದರೆ ನೋಟಿಸು ನೋಟಿಸೇ, ವಾರದೊಳಗೆ ಸರಿಮಾಡಿಸಿ ಎಂದು ಬಂತು.

ಪೇಟೆಯಿಂದ ಚಲುವರಾಜು ಎಂಬ ಮೆಕ್ಯಾನಿಕ್ ಬಂದ. ಎರಡು ನಿಮಿಷ ನೋಡಿದ. "ಎರಡೆರಡು ಇರೋದ್ಕೇ ಈ ಕಾಟ ಕಣಕ್ಕ. ಇದು ಒಂದ್ ಟೈಮು ಅಂತದೆ, ಅದು ಐದೂವರೆ ಗಂಟೆ ಜರುಗಿಸ್ತದೆ. ಆ ಕಡೇದ್ನ ಯಾರೂ ಬಳಸ್ತಿಲ್ವಲ್ಲ, ಅಳಿಸ್ಬುಡ್ತೀನಿ, ಎಲ್ಲಾ ಸರ್ಯಾಯ್ತದೆ" ಎಂದ. ಬೆರಳು ಗುಂಡಿಯ ಮೇಲೆ ಇಟ್ಟೇಬಿಟ್ಟಿದ್ದ. ನಾನು ಅವನ ಕೈ ಹಿಡಿದುಕೊಂಡೆ. "ಬ್ಯಾಡ ಬುಡಪ್ಪ, ಕಾಫಿ ಕುಡ್ಕೊಂಡ್ ಓಗು" ಎಂದು ಕಳಿಸಿದೆ. ಅವನು ನನ್ನನ್ನು ಒಂಥರಾ ನೋಡುತ್ತಾ ಹೋದ.

ಈಗ ಯಾರನ್ನು ಕೇಳಲಿ? ಮನೆಗೆ ಹೋಗಿ ನಮ್ಮ ಯಜಮಾನರ ಹತ್ತಿರ, "ಅವಳ ನಂಬರು ಎಲ್ಲಾದ್ರೂ ಅದಾ?" ಎಂದೆ. ಕನ್ನಡಕ ಹಾಕಲಿಲ್ಲ, ಮೊಬೈಲು ಮುಟ್ಟಲಿಲ್ಲ, ಹತ್ತೂ ಅಂಕಿಯನ್ನು ಬಾಯಲ್ಲೇ ಹೇಳಿಬಿಟ್ಟರು. ಮೂರನೇ ಸಾಲಿನಲ್ಲಿ ತಲೆ ಬಗ್ಗಿಸಿಕೊಂಡು ಕೂತಿದ್ದಾರಲ್ಲ, ಅವರೇ. ಕಳ್ಳ ಮುಂಡೇದು ಎಂದು ಬೈಯಬೇಕೆನಿಸಿತು, ಬೈಯಲಿಲ್ಲ.

ಫೋನು ಮಾಡಿದೆ. ಮೂರು ವರ್ಷದ ಮೇಲೆ ಮಗಳ ದನಿ ಕೇಳಿದವಳು ಏನು ಹೇಳಬೇಕು? ಚೆನ್ನಾಗಿದ್ದೀಯಾ ಎನ್ನಬಹುದಿತ್ತು. ಊಟ ಆಯ್ತಾ ಎನ್ನಬಹುದಿತ್ತು. ನಾನು "ಸಂಘದ ಕಂಪ್ಯೂಟ್ರು ಕೆಟ್ಟದೆ" ಎಂದೆ.

ಅವಳೂ ನನ್ನ ಮಗಳೇ. ಬೇರೇನೂ ಕೇಳಲಿಲ್ಲ. "ನೀನು ಬಂದ್ ಮಾಡ್ದಾಗ ಅದು ಪೂರ್ತಿ ಬಂದ್ ಆಗಲ್ಲ ಕಣವ್ವ. ಬೆಳಿಗ್ಗೆ ಬಿರ್ನೆ ಏಳ್ಬೇಕು ಅಂತ ಅರೆ ಎಚ್ಚರದಲ್ಲೇ ಮಲಗ್ತದೆ. ಮೊದ್ಲು ಆ ಟಿಕ್ಕು ತೆಗಿ" ಎಂದಳು. ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೆ ಇನ್ನೊಂದು, ಹುಡುಕಿ ತೆಗೆದೆ. ಪೂರ್ತಿ ಬಂದ್ ಮಾಡಿ ಮತ್ತೆ ಹಾಕಿದೆ. "ಈಗ ನನ್ನ ಕಡೆ ಓಗು, ಪಾಸ್‌ವರ್ಡ್ ಏಳ್ತೀನಿ ಬರ್ಕೋ" ಎಂದಳು. ನಾನು ಆಗಲೇ ಒಳಗೆ ಹೋಗಿ ಕೂತಿದ್ದೆ. ಅದು ಅವಳು ಸಾಕಿದ ಹಸುವಿನ ಹೆಸರು, ಅವಳ ತಾಯಿಗೆ ತಿಳಿಯದೇ?

ಆಮೇಲೆ ಒಂದು ಸಾಲು ಇಂಗ್ಲಿಷು ಹೊಡೆಯಬೇಕಿತ್ತು, ಎರಡು ಕಡೆಯೂ ಒಂದೇ ಸಮಯ ಇಟ್ಟುಕೊಳ್ಳಿ ಎಂದು ಆಜ್ಞೆ. ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಒಂದೊಂದೇ ಒತ್ತಿದೆ. ಗೊತ್ತಿದ್ದ ಅಕ್ಷರವನ್ನೂ "ಏನಂದೆ? ಇನ್ನೊಂದ್ಸಲ ಏಳು" ಎಂದು ಕೇಳಿದೆ. ಯಾಕೆ ಎಂದು ಇಲ್ಲಿರುವ ಯಾವ ತಾಯಿಗೂ ವಿವರಿಸಬೇಕಾಗಿಲ್ಲ.

ಗಡಿಯಾರ ಸರಿಹೋಯಿತು. ಫೋನು ಇಡುವ ಮುಂಚೆ ಅವಳು ಮೆಲ್ಲಗೆ ಕೇಳಿದಳು, "ಅವ್ವ, ನನ್ನ ಕಡೆ ತೆಗೆದ್ರೇನೇ ಈ ಟೈಮು ಕೆಡೋದು. ತೆಗೀದಿದ್ರೆ ಕೆಡಲ್ಲ. ದಿನಾ ಕೆಡ್ತಿತ್ತು ಅಂತೀಯಲ್ಲ, ದಿನಾ ತೆಗೀತಿದ್ದಾ?"

ಸಭಿಕರೇ, ತೆಗೆಯುತ್ತಿದ್ದೆ. ನೀವು ಕ್ಯಾನು ಹಿಡಿದು ಬರುವ ಮುಂಚೆ, ದಿನಾ ಬೆಳಿಗ್ಗೆ ಹತ್ತು ನಿಮಿಷ. ಅಲ್ಲಿ ಅವಳದೊಂದು ಫೋಟೋ ಇದೆ, ಕಾಲುವೆ ಏರಿಯ ಮೇಲೆ ಕರು ಹಿಡಿದುಕೊಂಡು ನಿಂತಿದ್ದಾಳೆ. ಕಣ್ಣಿಗೆ ಬಿಸಿಲು ಹೊಡೆದು ಮುಖ ಸಿಂಡರಿಸಿಕೊಂಡಿದ್ದಾಳೆ. ಅವಳು ಕನ್ನಡದಲ್ಲಿ ಟೈಪು ಕಲಿಯುವಾಗ ಹೊಡೆದ ನಿಮ್ಮೆಲ್ಲರ ಹೆಸರುಗಳೂ ಇವೆ, ತಪ್ಪುತಪ್ಪಾಗಿ. ನಾನು ತಿದ್ದಿಲ್ಲ. ನೋಡಿ, ಮುಚ್ಚಿ, ಸಂಘದ ಕಡೆ ಬಂದು ಹಾಲು ಅಳೆಯುತ್ತಿದ್ದೆ. ನನಗೆ ಅವಳನ್ನು ಕಾಣುವ ಆಸೆ ತಡೆಯಲಾಗುತ್ತಿರಲಿಲ್ಲ.

ಆದರೆ ಅವಳಿಗೆ ಏನು ಹೇಳಿದೆ ಗೊತ್ತೇ? "ನಾನ್ಯಾಕವ್ವ ತೆಗೀಲಿ, ಅದೇ ತಾನಾಗಿ ತೆಕ್ಕೊಂಡಿರ್ಬೇಕು" ಎಂದೆ. ಅವಳು "ಸರಿ ಬುಡವ್ವ" ಎಂದು ಫೋನು ಇಟ್ಟಳು. ಅದಾಗಿ ಇವತ್ತಿಗೆ ಇಪ್ಪತ್ತೊಂದು ದಿನ. ಗಡಿಯಾರ ಒಂದು ನಿಮಿಷವೂ ಆಚೀಚೆ ಆಗಿಲ್ಲ. ಫೋನು ಮಾಡಲು ನನಗೆ ನೆಪವೇ ಉಳಿದಿಲ್ಲ.

ಮೂರು ವರ್ಷದ ಹಿಂದೆ, ವಾರ್ಷಿಕ ಸಭೆಯಲ್ಲಿ ಯಾರೋ "ಮಗಳ ಮದ್ವೆ ಊಟ ಯಾವಾಗಕ್ಕ?" ಎಂದಾಗ, ಇದೇ ಮೈಕು ಹಿಡಿದು "ನನಗೆ ಮಗಳಿಲ್ಲ" ಎಂದಿದ್ದೆ. ನೀವೆಲ್ಲ ಕೇಳಿಸಿಕೊಂಡಿದ್ದೀರಿ. ಅವಳಿಗೂ ಯಾರೋ ಮುಟ್ಟಿಸಿದ್ದಾರೆ. ಅದು ಸುಳ್ಳು ಎಂದು ಈಗ ಹೇಳುತ್ತಿದ್ದೇನೆ, ದಯವಿಟ್ಟು ನಡಾವಳಿಯಲ್ಲಿ ಬರೆದುಕೊಳ್ಳಿ.

ನನಗೆ ಹಾರ ಹಾಕಿದ ಅಧ್ಯಕ್ಷರಿಗೆ, ಮೇಡಮ್ಮನವರಿಗೆ, ನಿಮ್ಮೆಲ್ಲರಿಗೆ ಋಣಿ. ಊಟಕ್ಕೆ ನಿಲ್ಲಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಕಿಕ್ಕೇರಿಯಿಂದ ಎರಡು ಗಂಟೆಯ ಬಸ್ಸು ಹಿಡಿದರೆ, ಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು, ಸಂಜೆಯೊಳಗೆ ಪಾಂಡವಪುರ. ಇಷ್ಟು ಹತ್ತಿರವಿತ್ತು. ಹೋಗಿ ಅವಳ ಬಾಗಿಲಲ್ಲಿ ನಿಂತು, "ಹೂಂ ಕಣವ್ವ, ದಿನಾ ತೆಗೀತಿದ್ದೆ" ಎಂದು ಹೇಳಬೇಕು. ಏಳಿ ಯಜಮಾನರೇ, ಮನೆ ಯಾವುದೆಂದು ನಿಮಗೆ ಗೊತ್ತಿರಲೇಬೇಕು.

ಎಲ್ಲರಿಗೂ ನಮಸ್ಕಾರ.