ಮೇಣ ಮುಚ್ಚಿದ ಮೌರಿ

೧೯೭೧ರ ನವೆಂಬರ್ ೧೪, ಭಾನುವಾರ. ನನ್ನ ಹಳೆಯ ಡೈರಿಯಲ್ಲಿ ಆ ದಿನದ ಪುಟ ಪೂರ್ತಿ ತುಂಬಿದೆ. ನಮ್ಮತ್ತೆ ಹೇಳಿದ ಕತೆಯನ್ನು ಅವರು ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ. "ಬಿ.ಎ. ಓದಿದ ಸೊಸೆ ನೋಡ್ರೇ, ಕತೆಗೂ ತಾರೀಖು ಹಾಕ್ತಾಳೆ!" ಅಂತ ಅವರು ನಕ್ಕಿದ್ದೂ ಅಲ್ಲಿದೆ. ನಗಲಿ ಬಿಡಿ. ಬರೆದಿಟ್ಟಿದ್ದಕ್ಕೇ ಇವತ್ತು ನಿಮಗೆ ಹೇಳುತ್ತಿದ್ದೇನೆ. ಹತ್ತಿರ ಬನ್ನಿ. ನಾನು ಉಸಿರು ತಗೊಂಡಾಗ ನೀವು "ಹೂಂ" ಅನ್ನಬೇಕು. ನಿಮ್ಮ ಹೂಂ ನಿಂತರೆ ನನ್ನ ದೋಣಿ ನಿಂತಿತು.

ಒಂದು ನಾಡು. ಹೆಸರು ಕೇಳಬೇಡಿ, ಹೇಳಿದವರಿಗೂ ಗೊತ್ತಿರಲಿಲ್ಲ. ಅಲ್ಲೊಂದು ಹೊಳೆ. ಎಂಥ ಹೊಳೆ? ಆಚೆ ದಡದ ಎಮ್ಮೆ ಈಚೆ ದಡಕ್ಕೆ ಇರುವೆಯಷ್ಟು ಕಾಣುವ ಹೊಳೆ. ನಡುವೆ ಬಂಡೆ, ಬಂಡೆಯ ಪಕ್ಕ ಸುಳಿ. ಚಳಿಗಾಲದಲ್ಲಿ ಮಂಜು ಇಳಿದರೆ ಎಮ್ಮೆಯೂ ಇಲ್ಲ, ದಡವೂ ಇಲ್ಲ. ಅಂಬಿಗನಿಗೆ ತನ್ನ ಹುಟ್ಟಿನ ತುದಿಯೂ ಕಾಣದು.

ಹಾಗಾದರೆ ದೋಣಿ ಮನೆಗೆ ಬರುವುದು ಹೇಗೆ? ಕೇಳಿ. ದಡದಲ್ಲೊಂದು ಕಲ್ಲು. ಕಲ್ಲಿನ ಮೇಲೆ ನಿಂತು ಒಬ್ಬರು ವಾದ್ಯ ನುಡಿಸಬೇಕು. ಆ ದನಿ ಹಿಡಿದು ದೋಣಿಗಳು ಬರಬೇಕು. ಆ ಊರಿನ ಕಟ್ಟಳೆ ಏನು ಗೊತ್ತೆ? ಕಲ್ಲು ಹತ್ತುವವರು ಊರಿನ ಮುಂದೆ ಒಂದು ವಾದ್ಯ ಎತ್ತಿಕೊಳ್ಳಬೇಕು. ಅವತ್ತು ಕಲ್ಲಿನ ಮೇಲೆ ಅದು ಯಾವ ದನಿ ಕೊಟ್ಟಿತೋ, ಸಾಯುವ ತನಕ ಅದೇ ದನಿ. ಬದಲಾಯಿಸುವ ಹಾಗಿಲ್ಲ. ದನಿ ಬದಲಾದರೆ ಅಂಬಿಗರು ಯಾವುದನ್ನು ನಂಬಬೇಕು?

ಸೋಮಣ್ಣ ಅಂತ ಒಬ್ಬ ಮೌರಿ, ಅಂದರೆ ತೂತಿಗೆ ಬೆರಳಿಟ್ಟು ನುಡಿಸುವ ಸಣ್ಣ ಓಲಗ, ಊದುತ್ತಿದ್ದ. ಅವನ ಮಗಳು ದ್ಯಾಮಿ. ಹಾಲು ಬಿಡುವ ಮೊದಲೇ ಮೌರಿ ಕಚ್ಚಿದವಳು. ಸೋಬಾನೆ ಊದಿದರೆ ಮದುಮಗಳು ಅಳಬೇಕು, ಜೋಗುಳ ಊದಿದರೆ ನಾಯಿಯೂ ಮಲಗಬೇಕು, ಹಾಗೆ. ಒಂದು ದಿನ ದೋಣಿ ಕಟ್ಟುವಾಗ ಹಗ್ಗ ಸರ್ರನೆ ಎಳೆಯಿತು. ಬಲಗೈಯ ಮೂರು ಬೆರಳು ಹಗ್ಗದ ಸುತ್ತಿನಲ್ಲಿ ಸಿಕ್ಕಿ ಜಜ್ಜಿಹೋದವು. ಗಾಯ ಒಣಗಿತು, ಬೆರಳು ಕಟ್ಟಿಗೆಯಾದವು. ಮೂಳೆ ಕಟ್ಟುವ ಅಜ್ಜ ಎಣ್ಣೆ ನೀವುತ್ತಾ ಹೇಳಿದ: "ಅವಸರ ಮಾಡ್ಬ್ಯಾಡ ಮಗಳೇ. ಬ್ಯಾಸಗಿ ಬರ್ಲಿ. ಬೆರಳು ಬಿಟ್ಟಾವು."

ಬೇಸಗೆಯ ತನಕ ಸಾವು ಕಾಯುತ್ತದೆಯೇ? ಸೋಮಣ್ಣ ತೀರಿಕೊಂಡ. ಕಲ್ಲು ಬರಿದಾಯಿತು.

ಸೋಮಣ್ಣನ ತಮ್ಮ ಮಾಳಿಂಗ, ಡೊಳ್ಳು ಬಡಿಯುವವನು, ಅವತ್ತಿಗಾಗಿಯೇ ಕಾದಿದ್ದ. ಊರಗೌಡ ಕಂಬಳಿ ಹಾಸಿಸಿದ. ಕಂಬಳಿಯ ಮೇಲೆ ಮೌರಿ, ಡೊಳ್ಳು, ಶಂಖ. ಊರೆಲ್ಲ ಸೇರಿತು.

"ಏನೇ ದ್ಯಾಮಿ, ಮುದ್ದೆ ಮುರಿಯೋಕೆ ಬಾರದ ಕೈ, ಮೌರಿ ಹಿಡಿದೀತಾ?" ಅಂದ ಮಾಳಿಂಗ.

"ಬೇಸಗೆ ತನಕ ಬಿಡಿ ಚಿಕ್ಕಪ್ಪ."

"ಬೇಸಗೇಲಿ ಮಂಜು ಎಲ್ಲೈತೆ? ಆಗ ಬಂದು ಬಿಸಿಲಿಗೆ ಊದ್ತೀಯಾ?"

ಜನ ನಕ್ಕರು. ನಗುವಾಗಲೇ ಮಂಜು ಇಳಿಯಿತು. ಸೀರೆ ಎಳೆದ ಹಾಗೆ ಹೊಳೆ ಮುಚ್ಚಿಹೋಯಿತು. ನಗು ನಿಂತಿತು. ಯಾಕೆ? ಸಂತೆಗೆ ಹೋದ ದೋಣಿ ಹೊಳೆಯ ನಡುವೆ ಇತ್ತು. ಅದರಲ್ಲಿ ದ್ಯಾಮಿಯ ಗಂಡ ಕರಿಯಣ್ಣ. ಅದರಲ್ಲೇ ಮಾಳಿಂಗನ ಒಬ್ಬನೇ ಮಗ ಬೀರ.

ಮಂಜಿನೊಳಗಿಂದ ಕೂಗು ಬಂತು: "ದಡ ಎಲ್ಲೀ?"

ಮಾಳಿಂಗ ಡೊಳ್ಳಿಗೆ ಹಾರಿದ. ಬಡಿದ. ಎಂಥ ಬಡಿತ! ಆದರೆ ಆಚೆ ದಡದಲ್ಲೊಂದು ಗುಡ್ಡ ಇತ್ತು, ಮಾರ್ದನಿಯಾಗಿ ಅದೂ ಬಡಿಯಿತು. ಈಚೆ ಧಂ, ಆಚೆ ಧಂ. ದೋಣಿ ಯಾವ ಧಂಗೆ ಬರಬೇಕು?

"ದಡ ಎಲ್ಲೀ?" ಈ ಸಲ ಕೂಗು ದೂರವಾಗಿತ್ತು.

ಮಾಳಿಂಗ ಏನು ಮಾಡುತ್ತಿದ್ದೇನೆ ಅನ್ನುವುದೇ ತಿಳಿಯದೆ ಶಂಖಕ್ಕೆ ಕೈ ಹಾಕಿದ.

"ಬೇಡ ಚಿಕ್ಕಪ್ಪ, ಬೇಡ!" ಅಂತ ದ್ಯಾಮಿ ಚೀರಿದಳು. ಅವನು ಊದಿಬಿಟ್ಟಿದ್ದ.

ಅಯ್ಯೋ, ಯಾಕೆ ಬೇಡ ಅಂದಳು ಗೊತ್ತೆ? ಆ ಊರಿನಲ್ಲಿ ಶಂಖ ಊದುವುದು ಸಾವಿಗೆ; ಸೋಮಣ್ಣನಿಗೆ ಊದಿದ ಶಂಖವೇ ಕಂಬಳಿಯ ಮೇಲಿತ್ತು. ಶಂಖ ಕೇಳಿದವರು ಎಲ್ಲಿದ್ದರೂ ಕೈಗೆಲಸ ನಿಲ್ಲಿಸಬೇಕು. ಕುಟ್ಟುವವಳು ಒನಕೆ ಇಳಿಸಬೇಕು, ಉಳುವವನು ಎತ್ತು ನಿಲ್ಲಿಸಬೇಕು. ಮತ್ತೆ ಅಂಬಿಗ? ಅಂಬಿಗ ಹುಟ್ಟು ಎತ್ತಿ ಮಡಿಲಲ್ಲಿಟ್ಟು ತಲೆ ಬಾಗಿಸಬೇಕು. ಹುಟ್ಟಿದಾಗಿನಿಂದ ಕಲಿತ ಕೈ, ಯೋಚನೆ ಮಾಡೀತೇ? ನೀರಿಗೆ ಬೀಳುತ್ತಿದ್ದ ಹುಟ್ಟಿನ ಸದ್ದು ನಿಂತಿತು. ಹರಿವು ದೋಣಿಯನ್ನು ಸುಳಿಯ ಕಡೆಗೆ ಎಳೆಯಿತು.

"ದಡ..." ಮೂರನೆಯ ಕೂಗು ಅರ್ಧಕ್ಕೇ ನಿಂತಿತು.

ದ್ಯಾಮಿ ಮೌರಿ ಎತ್ತಿದಳು. ಊದಿದಳು. ಎಡಗೈಯ ಬೆರಳು ಮೇಲ್ಗಡೆಯ ತೂತುಗಳ ಮೇಲೆ ಸರಿಯಾಗಿ ಕೂತವು. ಬಲಗೈಯ ಕಟ್ಟಿಗೆ ಬೆರಳು ಕೆಳಗಿನ ತೂತು ಮುಚ್ಚಲಿಲ್ಲ. ಗಾಳಿ ಸೋರಿತು. ದನಿ ಬೆಕ್ಕಿನ ಹಾಗೆ ಕಿರುಚಿತು. ಅವಳು ಮೌರಿಯ ಚೀಲಕ್ಕೆ ಕೈ ಹಾಕಿದಳು. ಅಲ್ಲಿ ಜೇನುಮೇಣದ ಉಂಡೆ ಇತ್ತು, ಬಾಯಿಗಿಡುವ ಪೀಪಿ ಬಿಗಿ ಮಾಡಲು ಅಪ್ಪ ಇಟ್ಟುಕೊಂಡಿದ್ದು. ಬಾಯಲ್ಲಿಟ್ಟು ಮೆತ್ತಗೆ ಮಾಡಿದಳು.

ಊರಗೌಡನಿಗೆ ಅರ್ಥವಾಯಿತು. "ಮಗಾ, ನೋಡ್ಕೊಂಡು ಮಾಡು. ಮೇಣ ತುಂಬಿ ಕಲ್ಲಿನ ಮೇಲೆ ಊದಿದರೆ ಅದೇ ನಿನ್ನ ದನಿ. ನಾಳೆ ಬೆರಳು ಬಿಟ್ಟರೂ ಮೇಣ ತೆಗೆಯೋ ಹಾಗಿಲ್ಲ."

"ನಂಗೊತ್ತು ಗೌಡ್ರೇ."

"ಜೋಗುಳ ಹೋಯ್ತು. ಸೋಬಾನೆ ಹೋಯ್ತು."

"ದೋಣೀನೂ ಹೋಗ್ತೈತೆ," ಅಂದಳು.

ಒಂದು ತೂತು ತುಂಬಿದಳು. ಎರಡು ತುಂಬಿದಳು. ಮೂರನೆಯದರ ಮೇಲೆ ಹೆಬ್ಬೆರಳು ಒಂದು ಗಳಿಗೆ ನಿಂತಿತು. ಒತ್ತಿಬಿಟ್ಟಳು. ಕಲ್ಲು ಹತ್ತಿದಳು.

ಊದಿದಳು. ಉಳಿದದ್ದು ಕೆಲವೇ ಸ್ವರ. ಹಾಡಿಗೆ ಸಾಲವು, ಕರೆಯುವುದಕ್ಕೆ ಸಾಕು. "ಬಾ, ಬಾ, ಬಾರೋ" ಅಂದ ಹಾಗೆ. ಗುಡ್ಡಕ್ಕೆ ಆ ಸಣ್ಣ ದನಿಯನ್ನು ಅಣಕಿಸಲು ಆಗಲಿಲ್ಲ. ಊದಿದಳು. ಹೊಳೆ ಮಾತಾಡಲಿಲ್ಲ. ಊದಿದಳು. ತುಟಿ ಒಡೆದು ರಕ್ತ ಬಂತು. ಮಾಳಿಂಗ ಶಂಖವನ್ನು ಎದೆಗೆ ಒತ್ತಿಕೊಂಡು ನೀರಿನಲ್ಲೇ ಕುಸಿದು ಕೂತಿದ್ದ. ಊದಿದಳು.

ಚಳಕ್.

ಕೇಳಿಸಿತೆ? ಹುಟ್ಟು ನೀರಿಗೆ ಬಿದ್ದ ಸದ್ದು.

ಚಳಕ್, ಚಳಕ್. ಮಂಜು ಸೀಳಿಕೊಂಡು ದೋಣಿಯ ಮೂಗು ಬಂತು. ಕರಿಯಣ್ಣ ಬಂದ. ಬೀರ ಇಳಿಯುತ್ತಲೇ ಕೇಳಿದ: "ಅಪ್ಪಾ, ಸತ್ತೋರು ಯಾರು?" 

ಬೇಸಗೆ ಬಂತು. ಮೂಳೆ ಕಟ್ಟುವ ಅಜ್ಜ ಹೇಳಿದ್ದು ನಿಜವಾಯಿತು. ಒಂದು ಬೆಳಗ್ಗೆ ರೊಟ್ಟಿ ತಟ್ಟುವಾಗ ದ್ಯಾಮಿಯ ಬೆರಳು ತಾವಾಗಿಯೇ ಬಾಗಿದವು. ವರ್ಷಗಳು ಕಳೆದು ಅವಳ ಮಗಳ ಮದುವೆಯ ದಿನ ಮಾಳಿಂಗನೇ ಬಂದು ಬೇಡಿಕೊಂಡ: "ಮೇಣ ತೆಗೆದು ಒಂದು ಸೋಬಾನೆ ಊದೇ ಮಗಳೇ. ಇವತ್ತು ಯಾರೂ ಏನೂ ಅನ್ನಲ್ಲ."

"ಹೊಳೆ ಮೇಲೆ ಇರೋರು ಕೇಳಿಸ್ಕೋತಾರೆ ಚಿಕ್ಕಪ್ಪ," ಅಂದಳು. "ನೀವೇ ಡೊಳ್ಳು ಬಡೀರಿ. ಹಂದರದಲ್ಲಿ ಗುಡ್ಡ ಇಲ್ಲ."

ಅವನು ಬಡಿದ. ಅವಳು ಅಡುಗೆಯವರ ಜೊತೆ ಸೌತೆಕಾಯಿ ಹೆಚ್ಚುತ್ತಾ ಕೂತಳು. ಚೆನ್ನಾಗಿ ಬಾಗುವ ಬೆರಳಿನಿಂದ.

ದೋಣಿ ಅವರ ದಡಕ್ಕೆ, ಕತೆ ನಮ್ಮ ಜಗಲಿಗೆ. ಅತ್ತೆ ಇಷ್ಟಕ್ಕೇ ನಿಲ್ಲಿಸಿದ್ದರು. "ಹಾಗಾದರೆ ಅವಳು ತೆತ್ತದ್ದೇನು?" ಅಂತ ನಾನು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಕೆಳಗೆ ಬರೆದುಕೊಂಡಿದ್ದೇನೆ. ಅಪ್ಪ ಕಲಿಸಿದ ಹಾಡುಗಳೆಲ್ಲ. ತೊಟ್ಟಿಲಲ್ಲಿದ್ದ ಮಕ್ಕಳಿಗೆ ಜೋಗುಳ. ಮಗಳಿಗೆ ಸೋಬಾನೆ. ಅವಳು ಇರುವ ತನಕ ಆ ಹೊಳೆಯಲ್ಲಿ ಮಂಜಿಗೆ ಒಂದು ದೋಣಿಯೂ ಬಲಿಯಾಗಲಿಲ್ಲ. ಅವಳ ಮೌರಿಯ ಜೋಗುಳ ಹೇಗಿತ್ತು ಅಂತ ಅವಳ ಮಕ್ಕಳಿಗೆ ಗೊತ್ತೇ ಆಗಲಿಲ್ಲ.