ನಗದ ಟೀಚರ್ ನಕ್ಕದ್ದು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಬೀಳ್ಕೊಡಲು ಹೂಗುಚ್ಛ ಹಿಡಿದು ಕಾದಿರುವ ಅತಿಥಿಗಳೇ, ಊಟದ ವಾಸನೆ ಬಂದರೂ ಕದಲದ ಸಹನಶೀಲ ಸಭಿಕರೇ,

ಅಧ್ಯಕ್ಷರು ನನ್ನನ್ನು ‘ಗಾಂಭೀರ್ಯದ ಗಣಿ’ ಎಂದರು. ಮಕ್ಕಳು ‘ನಗದ ಟೀಚರ್’ ಎನ್ನುವುದೂ ನನಗೆ ಗೊತ್ತು. ಆದರೆ ಸ್ವಾಮಿ, ಅದು ಗಾಂಭೀರ್ಯವಲ್ಲ, ಭಯ! ಹನ್ನೊಂದು ವರ್ಷ ನಕ್ಕರೂ ಕೆಮ್ಮಿದರೂ ನನ್ನ ಬಟ್ಟೆ ಒದ್ದೆಯಾಗುತ್ತಿತ್ತು. ಎರಡು ಹೆರಿಗೆ, ಆಮೇಲೆ ಮುಟ್ಟು ನಿಂತ ವಯಸ್ಸು. ಗರ್ಭಕೋಶ ಕೆಳಕ್ಕೆ ಜಾರಿತ್ತು. ಸಂಜೆಯಾದರೆ ಕಾಲ ನಡುವೆ ಚೆಂಡು ಸಿಕ್ಕಿಕೊಂಡಂತೆ ನಡೆಯುತ್ತಿದ್ದೆ.

ಅಧ್ಯಕ್ಷರು ಸೂರು ನೋಡುತ್ತಿದ್ದಾರೆ. ನೋಡಲಿ. ಇವತ್ತು ಈ ಮಾತು ಯಾಕೆ ಎತ್ತಿದೆ? ಈ ಸಭೆಯಲ್ಲಿ ಒಬ್ಬಾಕೆಗೆ ಇದೇ ತೊಂದರೆ. ಆಪರೇಷನ್ನಿನ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿದ್ದಾಳೆ. ನಾಳೆ ಮೂರನೆಯ ಸಲ ಗೊತ್ತುಮಾಡಿದ ದಿನ. ಯಾರೆಂದು ಹೇಳುವುದಿಲ್ಲ, ನೀವೂ ಅತ್ತಿತ್ತ ನೋಡಬೇಡಿ. ‘ನಾನು ಮಲಗಿದ್ರೆ ಮನೇಲಿ ಅಡುಗೆ ಮಾಡೋರು ಯಾರು ಟೀಚರ್?’ ಅಂದಳು. ಹಸಿದವರು ಮಾಡಿಕೊಳ್ಳುತ್ತಾರೆ ಕಣಮ್ಮಾ!

ಒಮ್ಮೆ ನನ್ನ ನಡಿಗೆಯನ್ನು ಅಣಕಿಸಿದ ಹುಡುಗಿಯನ್ನು ತರಗತಿಯಿಂದ ಹೊರಗೆ ನಿಲ್ಲಿಸಿದೆ. ಕೋಪಕ್ಕಲ್ಲ. ಇನ್ನೊಂದು ನಿಮಿಷ ಅವಳು ಹಾಗೆ ನಡೆದಿದ್ದರೆ ನಾನೇ ನಕ್ಕುಬಿಡುತ್ತಿದ್ದೆ! ತಪ್ಪಾಯ್ತು ಮಗಳೇ.

ನಮ್ಮ ಯಜಮಾನರು ಮಾತಿಗೊಂದು ಜೋಕು ಹೇಳುವವರು. ನಾನು ಒಂದಕ್ಕೂ ನಗಲಿಲ್ಲ, ಹಾಸಿಗೆಯನ್ನೂ ಬೇರೆ ಹಾಸಿಕೊಂಡೆ. ‘ನಾನೇನು ತಪ್ಪು ಮಾಡ್ದೆ, ಹೇಳ್ಬಿಡೇ’ ಎಂದರು. ಹೇಳಲಿಲ್ಲ. ಅವರು ಜೋಕು ಹೇಳುವುದನ್ನೇ ಬಿಟ್ಟರು. ಇದನ್ನೆಲ್ಲ ಹೇಳಬೇಕೆಂದಿರಲಿಲ್ಲ... ಇರಲಿ.

ಕಳೆದ ರಜೆಯಲ್ಲಿ ಕೊನೆಗೂ ಆಸ್ಪತ್ರೆಗೆ ಹೋದೆ. ‘ಹನ್ನೊಂದು ವರ್ಷ ಏನ್ ಮಾಡ್ತಿದ್ರಿ?’ ಎಂದು ಡಾಕ್ಟರಮ್ಮ ಗದರಿದರು. ‘ಪಾಠ ಮಾಡ್ತಿದ್ದೆ’ ಎಂದೆ. ಜಾರಿದ್ದನ್ನು ಮೇಲೆತ್ತಿ, ಹೊಲಿದು ನಿಲ್ಲಿಸಿದರು. ನೋವಿತ್ತು, ಸುಳ್ಳು ಹೇಳುವುದಿಲ್ಲ. ಆರು ವಾರ ತುಂಬಿದ ಬಕೆಟ್ ಎತ್ತುವಂತಿರಲಿಲ್ಲ. ಯಜಮಾನರೇ ಎತ್ತಿದರು, ಗೊಣಗುತ್ತಲೇ. ಏಳನೆಯ ವಾರವೂ ಬಕೆಟ್ ಬಿಡದೆ ಹಿಡಿದಿದ್ದ ಅವರು ಹೆದರುತ್ತ ಹೆದರುತ್ತ ಒಂದು ಹಳಸಲು ಜೋಕು ಹೇಳಿದರು. ನಕ್ಕೆ ನೋಡಿ, ಬಿದ್ದು ಬಿದ್ದು ನಕ್ಕೆ! ಬಟ್ಟೆ ಒಣಗಿಯೇ ಇತ್ತು. ಅವರು ಮಾತ್ರ ಬಕೆಟ್ ಕೆಳಗಿಟ್ಟು ಅತ್ತುಬಿಟ್ಟರು.

ನಾಳೆ ನಿನಗೆ ಭಯವಾಗುತ್ತದೆ ತಾಯಿ, ನನಗೂ ಆಗಿತ್ತು. ಬೆಳಿಗ್ಗೆ ಏಳಕ್ಕೆ ನಿನ್ನ ಬೀದಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡಿರುತ್ತೇನೆ. ನಾಳೆಯಿಂದ ನನಗೆ ಶಾಲೆಯಿಲ್ಲ, ಗಂಟೆಯಿಲ್ಲ. ನೀನು ಬಂದು ಕೂರುವ ತನಕ ಅಲ್ಲಿಂದ ಕದಲುವುದಿಲ್ಲ.

ಕೇಳಿಸಿಕೊಂಡವರಿಗೂ, ಸೂರು ನೋಡಿದವರಿಗೂ ವಂದನೆಗಳು. ನಮಸ್ಕಾರ.