ಎಡಗಡೆ ಸೀಟು

ಕಾರಿನ ಮೇಲೆ ಅಲ್ಲ ಕಣೆ ಮಾರಾಯ್ತಿ, ಕಾರಿನ ಮೇಲೆ ಎಂತಕ್ಕೆ ಹೊಟ್ಟೆಕಿಚ್ಚು ಪಡ್ಲಿ, ಅದು ತಗಡು. ನಂಗೆ ಹೊಟ್ಟೆಕಿಚ್ಚಿದ್ದಿದ್ದು ಅದ್ರ ಎಡಗಡೆ ಸೀಟಿನ ಮೇಲೆ. ಇದ್ದಿದ್ದು ಅಂತ ಯಾಕೆ ಹೇಳ್ಲಿ, ಈಗ್ಲೂ ಇದೆ. ಬಲಗಡೆ ನಿಮ್ಮಜ್ಜ ಸ್ಟೇರಿಂಗ್ ಹಿಡ್ಕಂಡು, ಎಡಗಡೆ ಆ ವತ್ಸಲಾ ಟೀಚರ್ ತೊಡೆ ಮೇಲೆ ರಟ್ಟು, ಕೈಯಲ್ಲಿ ಗಡಿಯಾರ ಇಟ್ಕಂಡು, ಕಾರು ಪಂದ್ಯದ ದಿನ ಪೇಟೇಲಿ ಬುರ್ರ್ ಅಂತ ಹೋಗ್ತಿದ್ರೆ ನಾನು ನಿಮ್ಮಪ್ಪನ್ನ ಕಂಕುಳಲ್ಲಿ ಎತ್ಕಂಡು ಜನರ ಮಧ್ಯ ನಿಂತು ನೋಡ್ಬೇಕು. ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ಸಾಗರದಿಂದ ಇಬ್ರು ಹುಡುಗ್ರು ಬಂದಿದ್ರಲ್ಲ, ಅವ್ರು ಕೇಳಿದ್ದೂ ಆ ಸೀಟಿನ ವಿಷಯನೇ. ಕಾರನ್ನ ಹುಡುಕಿ ತಂದು ರಿಪೇರಿ ಮಾಡ್ಸಿದಾರಂತೆ. ಬರೋ ಭಾನುವಾರ ಸಾಗರದಿಂದ ತೀರ್ಥಹಳ್ಳಿಗೆ ಹಳೇ ಕಾರುಗಳ ಮೆರವಣಿಗೆ ಅಂತೆ, ಮುಂಚಿನ ಹಂಗೇ ಬಾಗ್ಲ ಮೇಲೆ ಇಬ್ಬರ ಹೆಸ್ರು ಬರಸ್ಬೇಕಂತೆ. ಓಡಿಸ್ತಿದ್ದೋರು ಶೇಖರಪ್ಪ ಅಂತ ಅವ್ರಿಗೆ ಗೊತ್ತು. ಪಕ್ಕದಲ್ಲಿ ಕೂರ್ತಿದ್ದೋರ ಹೆಸ್ರು ಯಾರಿಗೂ ನೆನಪಿಲ್ಲ. ಅವರ ಹತ್ರ ಇರೋ ಫೋಟೋದಲ್ಲಿ ಎಡಗಡೆ ಕಿಟಕೀಲಿ ಒಂದು ಮೊಣಕೈ ಮಾತ್ರ ಕಾಣುತ್ತೆ. "ಅಜ್ಜೀ, ಈ ಮೊಣಕೈ ಯಾರ್ದು? ನಿಮ್ದಾ?" ಅಂತ ಗಡ್ಡದ ಹುಡುಗ ಕೇಳ್ದ. ನಿಮ್ದಾ ಅಂತೆ! ಹೂಂ ಅನ್ನಕ್ಕೆ ನಂಗೆ ಎಷ್ಟೊತ್ತು? ಅಲ್ಲ ಅನ್ನೋರು ಯಾರೂ ಉಳಿದಿಲ್ಲ. ಟೀಚರ್ ಹೋದ್ಲು, ನಿಮ್ಮಜ್ಜನೂ ಹೋದ್ರು. ಮೊದ್ಲು ಕಾಫಿ ಕುಡೀರಿ ಅಂದೆ. ಆಮೇಲೆ ಎಂತ ಹೇಳ್ದೆ ಅನ್ನೋದಕ್ಕೆ ಮುಂಚೆ ಆ ಕಾರಿನ ಕಥೆ ನಿಂಗೆ ಗೊತ್ತಿರ್ಬೇಕು. ಕೂತ್ಕ. ಆ ಫೋನಲ್ಲಿ ನನ್ ಮಾತು ಹಿಡೀತಿದೀಯಾ? ಹಿಡಿ, ಹಿಡಿ.

ಅದು ಹುಟ್ಟಾ ಪಂದ್ಯದ ಕಾರಲ್ಲ. ಲಿಂಗನಮಕ್ಕಿ ಡ್ಯಾಮ್ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರ್‌ದು... ಅಲ್ಲ, ಇಂಜಿನಿಯರ್ ಅಲ್ಲ, ಕಂಟ್ರಾಕ್ಟರ್‌ದು. ಕೆಟ್ಟು ನಿಂತಿದ್ದನ್ನ ಬಿಟ್ಟು ಹೋದ. ನಿಮ್ಮಜ್ಜ ಆಗ ಬಾಡಿಗೆ ಜೀಪ್ ಓಡಿಸ್ತಿದ್ರು, ಗುಜರಿ ರೇಟಿಗೆ ಸಿಗುತ್ತೆ ಅಂತ ಲಾರಿಗೆ ಕಟ್ಟಿ ಎಳಕಂಡು ಬಂದ್ರು. ನಾನು ಅಂಗಳದಲ್ಲಿ ಭತ್ತ ಒಣಗಿಸ್ತಿದ್ದೆ, ಭತ್ತ ಅಂದ್ರೆ ಎಷ್ಟು, ಒಂದು ಮೊರ. "ಅತ್ಲಾಗೆ ಸರ್ಸು ಗಿರಿಜಾ, ಕಾರು ಬಂತು" ಅಂದ್ರು. ಅವತ್ತು ಸರ್ಸಿದ್ದು ನೋಡು, ಆಮೇಲೆ ಸರ್ಸ್ತಾನೇ ಇದ್ದೆ. ಕೆಂಪು ಬಣ್ಣ ಹೊಡೆದು ಕೆಂಪಿ ಅಂತ ಹೆಸ್ರಿಟ್ರು, ದನಕ್ಕಿಟ್ಟಂಗೆ. ಆಗಿನ ಕಷ್ಟ ನಿಂಗೆ ಹೇಳಿದ್ರೆ ಅರ್ಥ ಆಗಲ್ಲ. ಅಕ್ಕಿ ಕಣ್ಣಿಗೆ ಕಾಣಲ್ಲ, ಕಾರ್ಡಲ್ಲಿ ಕೊಡೋ ಗೋಧಿ, ಅದೂ ಮುಗ್ಗಲು ವಾಸನೆ. ನುಚ್ಚಿನ ಗಂಜಿ ಕುಡ್ದು ಮಗೂಗೆ ಹಾಲು ಬರ್ಬೇಕು. ಸೀಮೆಎಣ್ಣೆಗೆ ಸೊಸೈಟಿ ಮುಂದೆ ಬಿಸಿಲಲ್ಲಿ ನಿಂತು ಡಬ್ಬ ತುಂಬಿಸ್ಕಂಡು ಬರೋದು ನಾನು, ಅದನ್ನ ಬಾಣಲೆಗೆ ಸುರ್ಕಂಡು ಕೆಂಪಿಯ ನಟ್ಟು ಬೋಲ್ಟು ತೊಳೆಯೋದು ಇವ್ರು. "ರೀ, ದೀಪಕ್ಕೆ ಎಂತ ಮಾಡ್ಲಿ?" ಅಂದ್ರೆ "ಹೊತ್ತು ಮುಳುಗೋದ್ರೊಳಗೆ ಉಂಡ್ರೆ ಆಯ್ತಲ್ಲ" ಅನ್ನೋರು. ನಿಮ್ಮಪ್ಪ ಹುಟ್ಟೋವಾಗ ನಂಗೆ ನೋವು ಶುರುವಾಯ್ತು, ಕೆಂಪಿ ಚಕ್ರ ಬಿಚ್ಚಿ ಕಲ್ಲಿನ ಮೇಲೆ ನಿಂತಿದ್ಲು. ಹೆಂಚಿನ ಲಾರೀಲಿ ಹತ್ತಿ ಆಸ್ಪತ್ರೆಗೆ ಹೋದೆ ನಾನು. ಚಕ್ರ ಇದ್ದಾಗ್ಲೂ ಅಷ್ಟೇ. "ಸಂತೆಗೆ ಕರ್ಕಂಡು ಹೋಗಿ ಒಂದ್ಸಲ" ಅಂದ್ರೆ "ಟೈರು ಸವೆಯುತ್ತೆ ಗಿರಿಜಾ, ಬಸ್ಸಿದೆ" ಅನ್ನೋರು. ಬಸ್ಸಿತ್ತು, ಅದು ಸುಳ್ಳಲ್ಲ.

ಈ ಪಂದ್ಯ ಇದ್ಯಲ್ಲ, ರ‍್ಯಾಲಿ ಅಂತಾರೆ, ಅದು ಜೋರಾಗಿ ಓಡ್ಸಿದ್ರೆ ಗೆಲ್ಲೋದು ಅಂತ ತಿಳ್ಕಬೇಡ. ಇಂಥ ಊರಿಗೆ ಇಷ್ಟು ಹೊತ್ತಿಗೆ ಸೇರ್ಬೇಕು ಅಂತ ಇರುತ್ತೆ. ತಡ ಆದ್ರೂ ತಪ್ಪು, ಬೇಗ ಹೋದ್ರೂ ತಪ್ಪು. ಸೊಸೆ ಕೆಲಸ ಇದ್ದಂಗೆ. ಅದಕ್ಕೆ ಪಕ್ಕದಲ್ಲೊಬ್ರು ಗಡಿಯಾರ ನೋಡ್ಕಂಡು, ದಾರಿಯ ಚೀಟಿ ಓದ್ಕಂಡು, ಲೆಕ್ಕ ಹಾಕಿ ಹೇಳ್ತಾ ಇರ್ಬೇಕು. ಆಗ ನಮ್ಮ ಹೊಸನಗರದ ಹೈಸ್ಕೂಲಿಗೆ ಗಣಿತ ಹೇಳ್ಕೊಡಕ್ಕೆ ತೀರ್ಥಹಳ್ಳಿ ಕಡೆಯಿಂದ ವತ್ಸಲಾ ಟೀಚರ್ ಬಂದ್ಲು. ನಮ್ಮನೆ ಹಿಂದಿನ ಕೋಣೆಗೇ ಬಾಡಿಗೆಗೆ ಬಂದ್ಲು ಅನ್ನು. ಮದ್ವೆ ಇಲ್ಲ, ಉದ್ದ ಜಡೆ, ಬಾಯಲ್ಲೇ ಲೆಕ್ಕ. ಒಂದಿನ ನಿಮ್ಮಜ್ಜ ಚೀಟಿ ಹಿಡ್ಕಂಡು ತಲೆ ಕೆರ್ಕಂತಿದ್ರೆ, ಬಟ್ಟೆ ಒಣಗಿಸ್ತಿದ್ದೋಳು ಅಲ್ಲಿಂದಲೇ ಉತ್ತರ ಹೇಳಿದ್ಲು. ಮುಗೀತು. ಮುಂದಿನ ರ‍್ಯಾಲಿಗೆ ಅವಳೇ ಎಡಗಡೆ. ಗೆದ್ರು. ಇನ್ನೊಂದು, ಅದೂ ಗೆದ್ರು. ಊರಿಗೆ ಬಾಯಿ ಇಲ್ವಾ? ಬಾವಿ ಕಟ್ಟೆ ಹತ್ರ ಪಕ್ಕದ್ಮನೆ ಸುಬ್ಬಕ್ಕ, "ಎಂತ ಗಿರಿಜಾ, ನಿನ್ ಗಂಡ ಈಗ ಲೆಕ್ಕ ಕಲೀತಿದಾನಂತೆ?" ಅಂದ್ಲು. "ಹೂಂ ಸುಬ್ಬಕ್ಕ, ನಿನ್ ಗಂಡನ್ನೂ ಕಳ್ಸು, ಹೆಂಡದಂಗಡಿ ಲೆಕ್ಕನಾದ್ರೂ ಸರಿ ಹೋಗ್ಲಿ" ಅಂದೆ. ಅಂದು ಬಿಟ್ಟೆ, ಆದ್ರೆ ತುಂಬಿದ ಕೊಡ ಅಲ್ಲೇ ಮರ್ತು ಮನೆಗೆ ಬಂದೆ.

ಸುಬ್ಬಕ್ಕ ಹೇಳೋ ಥರದ್ದು ಎಂತದೂ ಇರ್ಲಿಲ್ಲ ಮಗಾ, ಅದು ನಂಗೂ ಗೊತ್ತಿತ್ತು. ಅಣ್ಣ ಅಂತಿದ್ಲು ಅವಳು ಇವ್ರನ್ನ, ಬಾಯಿ ತುಂಬಾ. ನಂಗೆ ಉರೀತಿದ್ದಿದ್ದು ಬೇರೆ. ಕೆರೆ ಏರಿ ಮೇಲೆ ಅಭ್ಯಾಸ ಮಾಡ್ತಿದ್ರು, ನಾನು ಸೌದೆ ಹೊರೆ ಹೊತ್ಕಂಡು ಆ ದಾರೀಲೇ ಬರೋದು. ಅವಳು "ನಿಧಾನ" ಅಂದ್ರೆ ಕಾರು ನಿಧಾನ. "ಹೋಗ್ಲಿ" ಅಂದ್ರೆ ಹೋಯ್ತು. "ನಿಲ್ಸಿ ಅಣ್ಣ" ಅಂದ್ರೆ ಕೀಚ್ ಅಂತ ನಿಲ್ತು. ಯಾಕೆ ಅಂತ ಕೇಳಲ್ಲ, ಆಮೇಲೆ ನೋಡೋಣ ಅನ್ನಲ್ಲ! ನಾನು ಹಂಡೆಗೆ ನೀರು ತುಂಬ್ಸಿ ಅಂತ ಬೆಳಿಗ್ಗೆ ಹೇಳಿದ್ರೆ ಸಂಜೆ "ಎಂತ ಹೇಳ್ದೆ?" ಅನ್ನೋ ಮನುಷ್ಯ. ಮದ್ವೆ ಆದಾಗಿಂದ ನನ್ನ ಒಂದು ಮಾತು ಅವರ ಕಿವಿಯೊಳಗೆ ಇಳಿದಿದ್ದು ನಾನು ಕಂಡಿಲ್ಲ. ಇವಳ ಮಾತು ಕಿವಿಗೂ ಹೋಗದೆ ಸೀದಾ ಕಾಲಿಗೇ ಹೋಗುತ್ತೆ. ಹೊರೆ ಇಳಿಸಿ ಅಲ್ಲೇ ಕೂತು ಅತ್ತಿದೀನಿ ನಾನು, ಒಂದ್ಸಲ. ಅಲ್ಲ, ಎರಡು ಸಲ.

ಆಮೇಲೆ ದೊಡ್ಡ ರ‍್ಯಾಲಿ ಬಂತು. ಸಾಗರದಲ್ಲಿ ಶುರು, ಹೊಸನಗರ, ಆಮೇಲೆ ನಗರ ಅನ್ನೋ ಊರು, ಹುಲಿಕಲ್ ಘಾಟಿ ಇಳ್ದು, ಕೆಳಗಿನ ಸೀಮೆ ಸುತ್ತಿ, ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ. ಅದ್ರಲ್ಲಿ ಗೆದ್ದೋರನ್ನ ಒಂದು ಟೈರ್ ಕಂಪ್ನಿಯೋರು ಹೊರಗಿನ ರ‍್ಯಾಲಿಗಳಿಗೆ ಕರ್ಕಂಡು ಹೋಗ್ತಾರೆ, ಟೈರು ಪೆಟ್ರೋಲು ಎಲ್ಲ ಅವರ್ದೇ ಅಂತ ಸುದ್ದಿ. ನಿಮ್ಮಜ್ಜ ಉಣ್ಣೋದು ಮರ್ತ್ರು. ಹಂಗಿರೋವಾಗ ಟೀಚರಿಗೆ ಜ್ವರ ಬಂತು. ಜ್ವರ ಅಂದ್ರೆ ಎದ್ದು ಕೂರಕ್ಕಾಗದ ಜ್ವರ. ಬೇರೆ ಯಾರೂ ಒಪ್ಲಿಲ್ಲ. ನಾನು ಸೆರಗಿಗೆ ಕೈ ಒರ್ಸ್ಕಂಡು ಹೊರಗೆ ಬಂದೆ. "ನಾನು ಕೂರ್ತೀನಿ" ಅಂದೆ. "ನಿಂಗೆ ಗಡಿಯಾರ ನೋಡಕ್ಕೆ ಬರುತ್ತಾ?" ಅಂದ್ರು. "ನಿಮ್ಮನ್ನ ಕಾದು ಕಾದು ಅದೊಂದು ಚೆನ್ನಾಗಿ ಬರುತ್ತೆ" ಅಂದೆ. ಟೀಚರ್ ಕಂಬಳಿ ಹೊದ್ಕಂಡು ಗೋಡೆಗೆ ಒರಗಿ ಎಲ್ಲ ಹೇಳ್ಕೊಟ್ಲು, ಪಾಪ, ತುಟಿ ಒಣಗಿತ್ತು. ಒಳ್ಳೆಯೋಳು. ಒಳ್ಳೆಯೋಳಾಗಿದ್ದೇ ನಂಗೆ ಇನ್ನೂ ಕಷ್ಟ. ಕೊನೆಗೆ ನಾನು ಕೇಳ್ದೆ, "ಹುಲಿಕಲ್ಲಲ್ಲಿ ಅಮ್ಮನ ಗುಡಿ ಹತ್ರ ಎಷ್ಟೊತ್ತು ನಿಲ್ತೀರಿ?" ಅಂತ. ಆ ಘಾಟಿ ಇಳಿಯೋ ಮುಂಚೆ ಅಮ್ಮನಿಗೆ ಕಾಣಿಕೆ ಹಾಕ್ದೆ ಯಾವ ಗಾಡಿಯೂ ಹೋಗಲ್ಲ, ಲಾರಿ ಬಸ್ಸು ಎಲ್ಲ ನಿಲ್ಲುತ್ತೆ, ಈಗ್ಲೂ. ಪ್ರತಿ ಸಲ ಹೊರಡೋವಾಗ ಅಮ್ಮನಿಗೆ ಅಂತ ನಾನೇ ಅವಳ ಕೈಗೆ ಕಾಸು ಕೊಡ್ತಿದ್ದೆ. "ನಿಲ್ಲಲ್ಲ ಅಕ್ಕಾ" ಅಂದ್ಲು. "ಹೊತ್ತಾಗುತ್ತೆ ಅಂತ ಕಿಟಕಿಯಿಂದ ಎಸೀತೀನಿ." ಎಸೀತಾಳಂತೆ! ನನ್ನ ಗಂಡನ ತಲೆ ಕಾಯೋ ಅಮ್ಮನಿಗೆ, ನನ್ನ ಕಾಸು, ಕಿಟಕಿಯಿಂದ! ಜ್ವರದೋಳಿಗೆ ಬೈಬಾರ್ದು ಅಂತ ಗಂಜಿ ತರಕ್ಕೆ ಎದ್ದೆ.

ಅವತ್ತು ಕೂತೆ ನೋಡು. ಬಾಗ್ಲು ಹಾಕಿದ್ರೆ ಡಬ್ ಅಂತ ಸದ್ದು, ಎದುರಿಗೆ ದೊಡ್ಡ ಗಾಜು, ಇಡೀ ರಸ್ತೆ ನನ್ನ ಕಾಲ ಕೆಳಗೇ ಬರ್ತಾ ಇದೆ ಅನ್ನಂಗೆ. ನಮ್ಮ ಬೀದೀಲಿ ಬಂದಾಗ ಸುಬ್ಬಕ್ಕ ಬಾಗ್ಲಲ್ಲಿ ನಿಂತಿದ್ಲು, ನಾನು ಬೇಕಂತಲೇ ಮೊಣಕೈ ಹೊರಗೆ ಹಾಕ್ದೆ. ನಗರದವರೆಗೆ ಎಲ್ಲ ಸರಿ ಇತ್ತು, ಹೊತ್ತಿಗೆ ಸರಿಯಾಗಿ ಸೇರಿದ್ವಿ, ನಿಮ್ಮಜ್ಜ "ಪರವಾಗಿಲ್ವೆ" ಅಂದ್ರು. ಪರವಾಗಿಲ್ವೆ ಅಂತ! ನಂಗೆ ಮೈಯೆಲ್ಲ ಹಬ್ಬ. ಮುಂದೆ ತಿರುವಲ್ಲಿ ಅಮ್ಮನ ಗುಡಿ ಕಾಣಿಸ್ತು. ನಿಲ್ಲಲ್ಲ ಅಂತ ಗೊತ್ತಿತ್ತು, ಆದ್ರೂ ಬಾಯಿಗೆ ಬಂತು: "ನಿಲ್ಸಿ!" ಕೀಚ್! ನಿಂತೇ ಬಿಡ್ತು. ಗುಡಿ ಮುಂದೇ, ಸರಿಯಾಗಿ. ನಂಗೇ ನಂಬಕ್ಕಾಗ್ಲಿಲ್ಲ. ಇಳ್ದೆ. ಕಾಣಿಕೆ ಹಾಕ್ದೆ, ಬಸ್ಸಿನ ಜನ ತುಂಬಿತ್ತು, ಸಾಲಲ್ಲಿ ನಿಂತು ಕುಂಕುಮ ತಗಂಡೆ, ಅವ್ರಿಗೂ ಹಣೆಗೆ ಇಡ್ತೀನಿ ಅಂತ ಕಿಟಕಿಗೆ ಬಂದ್ರೆ ಇವ್ರು ನಾಲ್ಕೂ ಟೈರು ಮುಟ್ಟಿ ನೋಡಿ ಬಂದು ಕೂತಿದಾರೆ, ಮುಖ ಕೆಂಪಿಗಿಂತ ಕೆಂಪು. "ಎಂತ ಆಯ್ತು? ಟೈರಾ? ಎಂತ ಆಯ್ತೇ?" "ಎಂತ ಇಲ್ಲ, ಅಮ್ಮನ ಗುಡಿ" ಅಂದೆ. ಅಷ್ಟರಲ್ಲಿ ಒಂದು ದಿಮ್ಮಿ ಲಾರಿ ನಮ್ಮ ಮುಂದೆ ಘಾಟಿಗೆ ಇಳೀತು. ಆ ಘಾಟೀಲಿ ದಿಮ್ಮಿ ಲಾರಿ ಹಿಂದೆ ಸಿಕ್ಕಂಡ್ರೆ ಕೆಳಗೆ ಮುಟ್ಟೋವರೆಗೂ ಅದರ ಹಿಂದೇನೇ, ಹಾರ್ನ್ ಒತ್ಕಂಡು. ಕೆಳಗೆ ಹೋಗೋದ್ರೊಳಗೆ ರ‍್ಯಾಲಿ ಕೈ ಬಿಟ್ಟಿತ್ತು. ಟೈರ್ ಕಂಪ್ನಿಯೋರು ಬೇರೆ ಯಾರನ್ನೋ ಕರ್ಕಂಡು ಹೋದ್ರು.

ಆಗುಂಬೆ ಹತ್ತಿ ಮೇಲೆ ಬಂದು ಇವ್ರು ಇಂಜಿನ್ ತಣ್ಣಗಾಗ್ಲಿ ಅಂತ ಕಾರು ನಿಲ್ಸಿ ಬಾನೆಟ್ ಎತ್ತಿದ್ರು. ನಂಗೆ ತಡೀಲಿಲ್ಲ. "ಅಲ್ರೀ, ನನ್ ಮಾತು ಒಂದಿನ ಕೇಳ್ದೋರಲ್ಲ, ಇವತ್ತೊಂದಿನ ಯಾಕೆ ಕೇಳಿದ್ರಿ?" ಅಂದೆ. ಬೈತಾರೆ ಅಂದ್ಕಂಡೆ. ಚಿಂದಿ ಬಟ್ಟೇಲಿ ಕೈ ಒರ್ಸ್ಕಂತಾ, "ಎಡಗಡೆಯಿಂದ ನಿಲ್ಸು ಅಂತ ಬಂದ್ರೆ ಕಾಲು ಬ್ರೇಕಿಗೆ ಹೋಗುತ್ತೆ ಮಾರಾಯ್ತಿ. ಯಾರು ಹೇಳಿದ್ರು ಅಂತ ಕಾಲು ನೋಡುತ್ತಾ?" ಅಂದ್ರು. ಆಗ ಹೊಳೀತು ನಂಗೆ. ಇವ್ರು ಕೇಳ್ತಿದ್ದಿದ್ದು ಟೀಚರ್ ಮಾತಲ್ಲ, ಆ ಸೀಟಿನ ಮಾತು! ಟೀಚರ್ ಮೇಲಿದ್ದ ಸಿಟ್ಟು ಅರ್ಧ ಇಳೀತು, ಸೀಟಿನ ಮೇಲಿನ ಆಸೆ ಎರಡರಷ್ಟು ಏರ್ತು. ಏರಿ ಎಂತ ಮಾಡೋದು, ಟೀಚರಿಗೆ ಜ್ವರ ವಾಸಿಯಾಯ್ತು, ಅವಳೇ ಕೂತ್ಲು. ಆಮೇಲೆ ಕೆಂಪಿಯ ಇಂಜಿನ್ನೊಳಗೆ ಎಂತದೋ ಮುರೀತು, ಅದು ಎಲ್ಲೂ ಸಿಗ್ಲಿಲ್ಲ, ಹಿನ್ನೀರಿನಾಚೆ ಬ್ಯಾಕೋಡಿನೋರೊಬ್ರು ತಗಂಡು ಲಾಂಚಲ್ಲಿ ಹೊಳೆ ದಾಟಿಸಿದ್ರು. ಇವ್ರು ದಡದಲ್ಲಿ ನಿಂತು ನೋಡಿ ಬಂದು ಜೀಪ್ ಹತ್ತಿದ್ರು. ಈಗ ಈ ಹುಡುಗ್ರು ಹೇಳ್ತಾರೆ, ಬ್ಯಾಕೋಡಿನ ಕೊಟ್ಟಿಗೇಲಿ ಕಾರು ಸಿಕ್ಕಿದಾಗ ಎಡಗಡೆ ಸೀಟಲ್ಲಿ ಕೋಳಿ ಕಾವಿಗೆ ಕೂತಿತ್ತಂತೆ. ಕೋಳಿಗೂ ಸಿಕ್ತು ನೋಡು!

ಹಾಂ, ಬೆಳಿಗ್ಗೆ ಎಂತ ಹೇಳ್ದೆ ಅಂದ್ರೆ, "ಆ ಮೊಣಕೈ ನಂದಲ್ಲ" ಅಂದೆ. "ಯಾರ್ದು ಅಂತ ನಂಗೊಬ್ಳಿಗೇ ಗೊತ್ತು. ಹೇಳ್ಬೇಕಾದ್ರೆ ಭಾನುವಾರ ಎಡಗಡೆ ಸೀಟು ನಂಗೆ." ಹುಡುಗ್ರು ಮುಖ ಮುಖ ನೋಡ್ಕಂಡ್ರು. "ಅಜ್ಜೀ, ಆ ಸೀಟು ಪೇಪರಿನೋರಿಗೆ ಅಂತ ಹೇಳ್ಬಿಟ್ಟಿದೀವಿ. ನೀವು ಹಿಂದೆ ಆರಾಮಾಗಿ ಕೂರಿ, ದಿಂಬು ಹಾಕ್ತೀವಿ." "ದಿಂಬು ಪೇಪರಿನೋರಿಗೆ ಹಾಕು." "ದೂರ ಇದೆ ಅಜ್ಜಿ, ಸೊಂಟ ಹಿಡ್ಕಂಡ್ರೆ?" "ಸೊಂಟ ನಂದು, ನಿಂಗೆಂತ?" ಗಡ್ಡದೋನು ನಕ್ಕ, ಆಯ್ತು ಕೂರಿ ಅಂದ. ಆಗ ಹೇಳ್ದೆ, "ಬರ್ಕ, ವತ್ಸಲಾ ಟೀಚರ್. ಟೀಚರ್ ಅಂತನೂ ಬರಿ, ದಪ್ಪಗೆ." ನೀನೆಂತ ಹಂಗೆ ನೋಡ್ತೀಯ, ನನ್ ಹೆಸ್ರೇ ಬರ್ಸಬೇಕಿತ್ತು ಅಂತನಾ? ಗೆಲ್ಸಿದ್ದು ಅವಳಲ್ವಾ! ಅಲ್ಲದೆ ಹೆಸ್ರು ಇರೋದು ಬಾಗ್ಲ ಹೊರಗೆ, ಒಳಗೆ ಕೂತೋರಿಗೆ ಅದು ಕಾಣದೂ ಇಲ್ಲ. ಇಷ್ಟು ವರ್ಷ ಒಳಗೊಳಗೇ ಬೆಂದೆನಲ್ಲ, ಒಂದಿನನಾದ್ರೂ ಆ ಸೀಟು ನಂಗೆ ಬೇಕು ಅಂತ ನಿಮ್ಮಜ್ಜನ ಹತ್ರ ನೆಟ್ಟಗೆ ಕೇಳಿದೀನಾ ನಾನು? ಟೀಚರಿಗೆ ಜ್ವರ ಬಂದಾಗ ಕೇಳಿದ್ದೊಂದೇ, ಅವತ್ತು ಸಿಕ್ತು. ಈಗ ಕೇಳ್ದೆ, ಈಗ್ಲೂ ಸಿಕ್ತು. ಹೊಟ್ಟೆಕಿಚ್ಚೇನು ಮಾವಿನ ಮಿಡಿ ಅಲ್ಲ ಕಣೆ, ಭರಣಿ ಬಾಯಿ ಕಟ್ಟಿಟ್ರೆ ರುಚಿ ಬರಕ್ಕೆ. ಬೇಕಾದ್ದನ್ನ ಬಾಯಿ ಬಿಟ್ಟು ಕೇಳ್ಬೇಕು.